ಸುಣ್ಣದ ಗೂಡಿನ ತಿರುವು

ಕಾರು ರಿಪೇರಿ ಮಾಡುವವಳ ಹತ್ತಿರ ಜನ ಸಂಸಾರದ ರಿಪೇರಿಗೂ ಬರುತ್ತಾರೆ ಎಂದು ನಮ್ಮಪ್ಪ ಗ್ಯಾರೇಜನ್ನು ನನ್ನ ಕೈಗೆ ಒಪ್ಪಿಸುವಾಗ ಹೇಳಿರಲಿಲ್ಲ. ಹೇಳಿದ್ದರೆ ಹೂವಿನ ಅಂಗಡಿ ಇಟ್ಟುಕೊಂಡು ನೆಮ್ಮದಿಯಾಗಿರುತ್ತಿದ್ದೆ. ನಂಜುಂಡ ಆ ಬದನೆಕಾಯಿ ಬಣ್ಣದ ಸ್ಪೋರ್ಟ್ಸ್ ಕಾರನ್ನು ಗೇಟಿನೊಳಗೆ ತಂದು ನಿಲ್ಲಿಸಿದಾಗ ನಾನು ಒಂದು ಟೆಂಪೊ ಕೆಳಗೆ ಮಲಗಿದ್ದೆ, ಏಳಲೂ ಇಲ್ಲ. ಎರಡೇ ಸೀಟು, ಹೊಟ್ಟೆ ನೆಲಕ್ಕೆ ಉಜ್ಜುವಷ್ಟು ತಗ್ಗು. ನಮ್ಮೂರಿಗೆ ಲಾಯಕ್ಕಾದ ಗಾಡಿಯೇ ಅಲ್ಲ.

“ನೀಲಕ್ಕ, ಇದು ವಾಲಬಾರದು. ಏನಾದ್ರೂ ಮಾಡಿ,” ಎಂದ.

“ಊರಿಗೆ ಊರೇ ವಾಲುತ್ತೆ, ನಿನ್ನ ಕಾರು ಮಾತ್ರ ವಾಲಬಾರದಾ? ಹೋಗಪ್ಪ, ಅಂಗಡಿ ನೋಡ್ಕೊ ಹೋಗು,” ಎಂದೆ.

ಅವನು ಹೋಗಲಿಲ್ಲ. ಟೆಂಪೊ ಪಕ್ಕದಲ್ಲೇ ಕುಕ್ಕರಗಾಲಲ್ಲಿ ಕೂತ.

ನಮ್ಮೂರು ಬೆಳಗಿನಿಂದ ಹೊಳೆಯ ಕಡೆಗೆ ವಾಲಿರುತ್ತದೆ, ಮಧ್ಯಾಹ್ನದ ಮೇಲೆ ಗುಡ್ಡದ ಕಡೆಗೆ. ಮೊದಲನೆಯದು ಹೊಳೆವಾಲು, ಎರಡನೆಯದು ಗುಡ್ಡವಾಲು. ಇಲ್ಲಿ ಹುಟ್ಟಿದವರಿಗೆ ಇದರಲ್ಲಿ ಹೇಳಿಕೊಳ್ಳುವಂಥದ್ದೇನಿಲ್ಲ. ಕಾಫಿ ಲೋಟವನ್ನು ಮುಕ್ಕಾಲು ಮಾತ್ರ ತುಂಬಿಸುತ್ತೇವೆ. ನಿಂಬೆಹಣ್ಣು ಮಾರುವವರು ಬುಟ್ಟಿಗೆ ಬಟ್ಟೆ ಬಿಗಿದಿರುತ್ತಾರೆ. ಬೆಳಗಿನ ದೋಸೆಗೆ ಹೊಳೆ ಕಡೆಯ ಅಂಚು ದಪ್ಪ, ಸಂಜೆಯ ದೋಸೆಗೆ ಗುಡ್ಡದ ಕಡೆಯದು. ಗರಿಗರಿ ಬೇಕಾದವರು ಎಲ್ಲಿಂದ ಮುರಿಯಬೇಕೆಂದು ತಿಳಿದಿರುತ್ತಾರೆ. ನಡುಮಧ್ಯಾಹ್ನ ಒಂದು ವಾಲಿನಿಂದ ಇನ್ನೊಂದಕ್ಕೆ ಹೊರಳುವಾಗ ನೆಲ ಸ್ವಲ್ಪ ಹೊತ್ತು ಮಟ್ಟವಾಗುತ್ತದೆ. ಅದಕ್ಕೆ ಸಮ ಎನ್ನುತ್ತೇವೆ. ಆಗ ಎಲ್ಲರಿಗೂ ತಲೆ ಸುತ್ತುತ್ತದೆ, ಅಂಗಡಿ ಮುಚ್ಚಿ ಮಲಗಿಬಿಡುತ್ತೇವೆ. ನಡುರಾತ್ರಿಯೂ ಹಾಗೇ ಆಗುತ್ತದಂತೆ, ಯಾರು ಎದ್ದು ನೋಡುತ್ತಾರೆ?

ಪ್ರಯಾಣಕ್ಕೂ ಒಂದು ಪದ್ಧತಿಯಿದೆ. ಬೆಳಿಗ್ಗೆ ಎಲ್ಲರೂ ಮೂಡಲಿಗೆ ಹೋಗುತ್ತೇವೆ, ಆಗ ಹೊಳೆ ಬಲಕ್ಕಿರುತ್ತದೆ. ಮಧ್ಯಾಹ್ನದ ಮೇಲೆ ಪಡುವಲಿಗೆ ಬರುತ್ತೇವೆ, ಆಗ ಗುಡ್ಡ ಬಲಕ್ಕಿರುತ್ತದೆ. ಹೀಗೆ ವಾಲು ಯಾವ ಹೊತ್ತಿನಲ್ಲೂ ಗಾಡಿಯ ಬಲಕ್ಕೇ ಬೀಳುತ್ತದೆ. ನಮ್ಮ ಮೆಕ್ಯಾನಿಕ್‌ಗಳು ಕಣ್ಣು ಮುಚ್ಚಿಕೊಂಡು ಬಲಗಡೆಯ ಸ್ಪ್ರಿಂಗುಗಳಿಗೆ ಒಂದೊಂದು ದಪ್ಪ ಪ್ಯಾಕಿಂಗ್ ಕೊಟ್ಟುಬಿಡುತ್ತಾರೆ. ಬೆಳಿಗ್ಗೆ ಹೊತ್ತು ಪಡುವಲಿಗೆ ಹೋಗುವ ತುರ್ತು ಇದ್ದವರು ಸಮ ಕಳೆಯುವವರೆಗೆ ಕಾಯುತ್ತಾರೆ. ಹೆರಿಗೆ ನೋವು ಬಂದವರನ್ನು ಕೂಡ ಹೊತ್ತು ನೋಡಿಕೊಂಡೇ ಮೂಡಲ ಆಸ್ಪತ್ರೆಗೋ ಪಡುವಲ ಆಸ್ಪತ್ರೆಗೋ ಕರೆದೊಯ್ಯುವುದು.

ನಂಜುಂಡನದು ಪೇಟೆಬೀದಿಯಲ್ಲಿ ಫೋಟೋಗಳಿಗೆ ಕಟ್ಟು ಹಾಕುವ ಅಂಗಡಿ. ಗಾಜು ತರಲು ಮೂಡಲ ಕಡೆಯ ಮಟ್ಟನೆಲದ ಪಟ್ಟಣಕ್ಕೆ ಹೋಗಿಬರುತ್ತಿದ್ದವನು, ಅಲ್ಲಿನ ಗಾಜಿನ ವ್ಯಾಪಾರಿಯ ಮಗಳು ಸೌಭಾಗ್ಯಳನ್ನು ಮೆಚ್ಚಿ ಮದುವೆಯಾಗಿ ಕರೆತಂದ. ಮಟ್ಟನೆಲದಲ್ಲಿ ನಮ್ಮವರಿಗೆ ಹೊಟ್ಟೆ ತೊಳಸುವುದು ಇದ್ದದ್ದೇ. ಅದಕ್ಕೆ ಅವನು ಅಲ್ಲಿರುವಷ್ಟು ಹೊತ್ತೂ ಬಾಯಲ್ಲಿ ಹುಣಸೆಹಣ್ಣು ಇಟ್ಟುಕೊಂಡಿರುತ್ತಿದ್ದ. ಹುಡುಗಿ ಕೇಳಿದರೆ ನನಗೆ ಹುಣಸೆಹಣ್ಣು ಅಂದರೆ ಪ್ರಾಣ ಎನ್ನುತ್ತಿದ್ದನಂತೆ. ಮದುವೆಗೆ ಮೊದಲು ಗಂಡಸರು ಹೇಳುವ ಸುಳ್ಳುಗಳಲ್ಲಿ ಇದು ತೀರಾ ಕೆಟ್ಟದ್ದೇನಲ್ಲ.

ಬಂದ ದಿನದಿಂದ ಸೌಭಾಗ್ಯಳಿಗೆ ವಾಂತಿ ಶುರುವಾಯಿತು. ಊರವರು ಮೊದಲು ಬೇರೆ ಅರ್ಥ ಮಾಡಿಕೊಂಡು ಸಂಭ್ರಮಪಟ್ಟರು, ಆಮೇಲೆ ವಿಷಯ ತಿಳಿದು ಸುಮ್ಮನಾದರು. ಹೊರಗಿನಿಂದ ಬಂದ ಸೊಸೆಯರು ಸಾಮಾನ್ಯವಾಗಿ ಕೆಲವು ವಾರಗಳಲ್ಲಿ ಒಗ್ಗಿಕೊಳ್ಳುತ್ತಾರೆ. ಇವಳು ಒಗ್ಗಲಿಲ್ಲ. ಅವಳು ಎರಡು ತುತ್ತು ತಿನ್ನುತ್ತಿದ್ದದ್ದು ಸಮದ ಹೊತ್ತಿನಲ್ಲಿ ಮಾತ್ರ. ನಾವೆಲ್ಲ ಬಾಗಿಲು ಹಾಕಿಕೊಂಡು ಮಲಗಿದಾಗ ಅವಳೊಬ್ಬಳೇ ಖಾಲಿ ಪೇಟೆಬೀದಿಯಲ್ಲಿ ಬೆನ್ನು ನೆಟ್ಟಗೆ ಮಾಡಿಕೊಂಡು ನಡೆದಾಡುತ್ತಿದ್ದಳು. ಒಮ್ಮೆ ಕಿಟಕಿಯಿಂದ ನೋಡಿದೆ. ಏನೋ ಗುನುಗಿಕೊಂಡು, ಕೈ ಬೀಸಿಕೊಂಡು ಹೋಗುತ್ತಿದ್ದಳು. ನನಗೆ ತಲೆ ಸುತ್ತಿ ಮತ್ತೆ ಮಲಗಿದೆ.

ನಂಜುಂಡ ತೂಗುಮಂಚ ಹಾಕಿಸಿದ. ಅದು ತೂಗಿದ್ದೇ ತೂಗಿದ್ದು, ಅವಳಿಗೆ ಇನ್ನೂ ಜಾಸ್ತಿಯಾಯಿತು. ಮಂಚದ ಕಾಲಿಗೆ ಮರದ ತುಂಡು ಕೊಟ್ಟ. ಮಂಚ ನೆಟ್ಟಗಾಯಿತು, ಸುತ್ತಲಿನ ಗೋಡೆ ವಾಲಿಕೊಂಡೇ ಇತ್ತು. ಕೊನೆಗೆ ಮೈಯಲ್ಲಿ ಮೂಳೆ ಚಕ್ಕಳ ಬಿಟ್ಟು ಏನೂ ಉಳಿಯದಂತಾದಾಗ ಅವಳು ಬಟ್ಟೆ ಜೋಡಿಸಿಕೊಂಡಳು. ಜಗಳವಾಡಲಿಲ್ಲ. “ಈ ಊರಲ್ಲಿ ವಾಲದೇ ಇರೋ ಜಾಗ ಒಂದು ತೋರ್ಸಿ. ಚಾಪೆ ಅಗಲ ಇದ್ರೆ ಸಾಕು, ನಾನು ಇದ್ದುಬಿಡ್ತೀನಿ. ಇಲ್ಲಾಂದ್ರೆ ನನ್ನ ಬಿಟ್ಟುಬಿಡಿ,” ಎಂದಳಂತೆ.

ಈ ಕಾರು ಬಂದದ್ದು ಆ ಮಾತಿಗೆ ಸ್ವಲ್ಪ ಮೊದಲು. ಸ್ಪೋರ್ಟ್ಸ್ ಕಾರು ಎಂಥ ತಿರುವಿನಲ್ಲೂ ಬಾಗುವುದಿಲ್ಲ ಎಂದು ಪಟ್ಟಣದಲ್ಲಿ ಯಾರೋ ಇವನ ಕಿವಿಗೆ ಹಾಕಿದ್ದರು. ಬಾಗದ ಕಾರು ವಾಲುವುದೂ ಇಲ್ಲ ಎಂದು ಇವನು ತಿಳಿದ. ಪಡುವಲ ಬೀದಿಯ ಆರೋಗ್ಯಸ್ವಾಮಿಯೂ ಮೆಕ್ಯಾನಿಕ್ಕೇ, ಅವನಾದರೂ ತಿಳಿಸಿ ಹೇಳಬಹುದಿತ್ತು. ಅವನು ಮುಂದೊಂದು ಹಿಂದೊಂದು ಸಿಕ್ಕಿದ್ದರಲ್ಲೆಲ್ಲ ದಪ್ಪದ ಸ್ಟೆಬಿಲೈಸರ್ ರಾಡ್ ಹಾಕಿ, ಊರ ಪದ್ಧತಿಯಂತೆ ಬಲಗಡೆಗೆ ಪ್ಯಾಕಿಂಗನ್ನೂ ಕೊಟ್ಟು ಕಳಿಸಿದ್ದ.

“ಆ ರಾಡ್ ಏನ್ ಮಾಡುತ್ತೆ ಗೊತ್ತೇನೋ?” ಎಂದು ನಾನು ಟೆಂಪೊ ಕೆಳಗಿನಿಂದಲೇ ಕೇಳಿದೆ.

“ಕಾರನ್ನ ನೆಟ್ಟಗೆ ಇಡುತ್ತೆ.”

“ನೆಟ್ಟಗಲ್ಲ. ಎಡಗಡೆ ಚಕ್ರಕ್ಕೂ ಬಲಗಡೆ ಚಕ್ರಕ್ಕೂ ಗಂಟು ಹಾಕುತ್ತೆ, ಅಷ್ಟೆ. ಬಾಡಿ ರಸ್ತೆಗೆ ಸರಿಯಾಗಿ ನಿಲ್ಲೋ ಹಂಗೆ ಹಿಡಿಯುತ್ತೆ. ರಸ್ತೆನೇ ವಾಲಿದ್ರೆ? ರಾಡ್ ದಪ್ಪ ಆದಷ್ಟೂ ಕಾರು ನಿಯತ್ತಾಗಿ ರಸ್ತೆ ಜೊತೆಗೇ ವಾಲುತ್ತೆ. ಆರೋಗ್ಯಸ್ವಾಮಿ ನಿನ್ನ ಹೆಂಡ್ತಿಗೆ ವಾಲನ್ನ ಬೋಲ್ಟ್ ಹಾಕಿ ಬಿಗಿದು ಕೊಟ್ಟವ್ನೆ.”

ಅವನು ಅದಕ್ಕೆ ಬೇಜಾರು ಮಾಡಿಕೊಳ್ಳಲಿಲ್ಲ. ಆಗ ಹೇಳಿದ, ಅವಳನ್ನು ತವರಿಗೆ ಬಿಡಲು ಬೆಳಿಗ್ಗೆ ಮೂಡಲಿಗೆ ಹೊರಟಿದ್ದನ್ನು. ಸಿಟ್ಟಿನಲ್ಲಿ ಜೋರಾಗಿ ಓಡಿಸುತ್ತಿದ್ದನಂತೆ. ಅವಳು ತಲೆಯನ್ನು ಮಂಡಿಯ ಮೇಲಿಟ್ಟುಕೊಂಡು ಕೂತಿದ್ದಳು. ಸುಣ್ಣದ ಗೂಡಿನ ತಿರುವಿಗೆ ಬಂದಾಗ ತಟ್ಟನೆ ತಲೆಯೆತ್ತಿ, “ರೀ, ಇಲ್ಲಿ ವಾಲ್ತಿಲ್ಲ ಕಣ್ರೀ!” ಎಂದಳಂತೆ. ಅಷ್ಟರಲ್ಲಿ ಇವನಿಗೆ ಏನೋ ಸಂಕಟವಾಗಿ ಬ್ರೇಕ್ ಒತ್ತಿದ. ಕಾರು ಮತ್ತೆ ವಾಲಿತು, ಅವಳ ತಲೆ ಮತ್ತೆ ಕೆಳಗೆ ಹೋಯಿತು.

ಆ ತಿರುವಿನಲ್ಲಿ ಯಾರೂ ಜೋರಾಗಿ ಹೋಗುವುದಿಲ್ಲ. ಹೋದವರಿಗೆಲ್ಲ ಹೊಟ್ಟೆ ತೊಳಸಿ ಬಂದಿದೆ. ಪಾಳುಬಿದ್ದ ಸುಣ್ಣದ ಗೂಡಿನೊಳಗೆ ಏನೋ ಇದೆ ಎನ್ನುವುದು ಊರವರ ನಂಬಿಕೆ. ಡ್ರೈವರ್‌ಗಳು ಹಾರನ್ ಒತ್ತಿ, ನಿಧಾನ ಮಾಡಿ, ಸ್ಟಿಯರಿಂಗ್ ಮೇಲಿಂದ ಒಂದು ಕೈ ತೆಗೆದು ಹಣೆಗೆ ಮುಟ್ಟಿಸಿಕೊಂಡು ದಾಟುತ್ತಾರೆ. ನಾನೂ ಮುಟ್ಟಿಸಿಕೊಳ್ಳುತ್ತೇನೆ, ಸುಳ್ಳು ಯಾಕೆ ಹೇಳಲಿ.

“ಆಮೇಲೆ ಒಬ್ಬನೇ ಹೋಗಿ ನೋಡ್ದೆ,” ಎಂದ ನಂಜುಂಡ. “ಗೂಡಿನ ತಿರುವು ಮುಟ್ಟೋಕೆ ಮುಂಚೆನೇ ಹಿಂಭಾಗ ಜಾರಿ ಹೊಳೆ ಕಡೆ ಹೋಗಿಬಿಡ್ತು. ಕಟ್ಟೆಕಲ್ಲು ಇಲ್ದಿದ್ರೆ ಇಷ್ಟೊತ್ತಿಗೆ ನನ್ನ ತಿಥಿ ಊಟ ಆಗಿರೋದು. ಬರೋ ಭಾನುವಾರ ಬೆಳಿಗ್ಗೆ ಅವಳನ್ನ ಇನ್ನೊಂದು ಸಲ ಕರ್ಕೊಂಡು ಬರ್ತೀನಿ ಅಂತ ಮಾವನ ಕೈಕಾಲು ಹಿಡಿದಿದೀನಿ ನೀಲಕ್ಕ. ಅದೇ ಕೊನೆ. ಅವತ್ತು ಆಗಲಿಲ್ಲ ಅಂದ್ರೆ ಅವಳು ನನ್ನ ಪಾಲಿಗಿಲ್ಲ.”

ಟೆಂಪೊ ಕೆಳಗಿನಿಂದ ಎದ್ದೆ. ಅವನ ಮುಖ ನೋಡಿ ಎದ್ದೆ ಎಂದುಕೊಳ್ಳಬೇಡಿ. ಆ ಹಿಂಭಾಗ ಯಾಕೆ ಜಾರಿತು ಎನ್ನುವುದು ತಲೆಗೆ ಹೊಕ್ಕಿತ್ತು.

ಮರುದಿನ ಬೆಳಿಗ್ಗೆ ನಾನೇ ಪಕ್ಕದ ಸೀಟಿನಲ್ಲಿ ಕೂತೆ. ತೊಡೆಯ ಮೇಲೆ ಒಂದು ಸ್ಟೀಲ್ ತಟ್ಟೆ, ಅದರಲ್ಲಿ ಒಂದು ನಿಂಬೆಹಣ್ಣು. ಊರು ಬಿಟ್ಟಾಗ ನಿಂಬೆಹಣ್ಣು ಹೊಳೆ ಕಡೆಯ ಅಂಚಿಗೆ ಒರಗಿಕೊಂಡಿತ್ತು. ಗುಡ್ಡದ ರಸ್ತೆಯಲ್ಲಿ ಮೊದಲು ಸಿಗುವುದು ಎಡಕ್ಕೆ, ಅಂದರೆ ಗುಡ್ಡದ ಕಡೆಗೆ ಹೊರಳುವ ತಿರುವು. ಅಲ್ಲಿ ತಿರುವೂ ಹೊಳೆ ಕಡೆಗೆ ಎಸೆಯುತ್ತದೆ, ವಾಲೂ ಹೊಳೆ ಕಡೆಗೆ ಎಳೆಯುತ್ತದೆ. ನಿಂಬೆಹಣ್ಣು ತಟ್ಟೆ ಹಾರಿ ನಂಜುಂಡನ ಕಾಲಿನ ಹತ್ತಿರ ಬಿತ್ತು. ಕಾರಿನ ಹಿಂಭಾಗ ಒಮ್ಮೆ ಕುಂಡಿ ಕುಣಿಸಿತು. “ನಿಧಾನ ಕಣೋ, ನನಗೆ ಇನ್ನೂ ಬದುಕೋ ಆಸೆ ಇದೆ!” ಎಂದು ಕೂಗಿ ನಿಂಬೆಹಣ್ಣನ್ನು ಮತ್ತೆ ತಟ್ಟೆಗೆ ಹಾಕಿದೆ. ಅದರ ಬೆನ್ನಿಗೇ ಗೂಡಿನ ತಿರುವು. ಅದು ಬಲಕ್ಕೆ, ಹೊಳೆಯ ಕಡೆಗೆ, ಉದ್ದಕ್ಕೆ ಬಾಗಿಕೊಂಡು ಹೋಗುತ್ತದೆ. ಅವನು ವೇಗ ಹೆಚ್ಚಿಸಿದ. ನಿಂಬೆಹಣ್ಣು ಅಂಚು ಬಿಟ್ಟು ಮೆಲ್ಲಗೆ ಉರುಳಿ ತಟ್ಟೆಯ ನಡುವಿಗೆ ಬಂದು ಕೂತಿತು. ವಾಲು ಹೊಳೆಯ ಕಡೆಗೆ ಎಳೆಯುತ್ತಿತ್ತು, ತಿರುವು ಗುಡ್ಡದ ಕಡೆಗೆ ಎಸೆಯುತ್ತಿತ್ತು, ಎರಡೂ ಒಂದನ್ನೊಂದು ಹಿಡಿದು ನಿಲ್ಲಿಸಿದ್ದವು. ಒಳಗೆ ಸಮದ ಹೊತ್ತಿನ ಹಾಗೇ ಆಯಿತು. ನನ್ನ ಹೊಟ್ಟೆಯೊಳಗಿನದೆಲ್ಲ ಗಂಟಲಿಗೆ ಬಂತು.

ತಿರುವಿನಾಚೆ ಇಬ್ಬರೂ ಒಂದೊಂದು ಬಾಗಿಲಿನಿಂದ ಇಳಿದು ಒಂದೊಂದು ಪೊದೆಯ ಹಿಂದೆ ಹೋಗಿಬಂದೆವು.

“ದೆವ್ವವೂ ಇಲ್ಲ ಮಣ್ಣೂ ಇಲ್ಲ,” ಎಂದೆ ಬಾಯಿ ಒರೆಸಿಕೊಳ್ಳುತ್ತಾ. “ಇಲ್ಲಿ ಸಮ ಇದೆ. ಓಡೋ ಕಾರಿಗೆ ಮಾತ್ರ ಸಿಗೋ ಸಮ.”

ನಂಜುಂಡ ನಗುತ್ತಿದ್ದ. ಆ ಬಿಳಿಚಿದ ಮುಖದಲ್ಲಿ ನಗು ನೋಡಿ ನನಗೆ ಸಿಟ್ಟೇ ಬಂತು.

ಕೆಲಸ ಆಮೇಲೆ ನಾಲ್ಕೈದು ದಿನ ನಡೆಯಿತು. ಗೂಡಿನ ತಿರುವಿನೊಳಗೆ ರಾಡಿಗೆ ಹೆಚ್ಚು ಕೆಲಸವೇ ಇಲ್ಲ. ಅಲ್ಲಿ ಕಾರನ್ನು ಯಾವ ಕಡೆಗೂ ಯಾರೂ ತಳ್ಳುವುದಿಲ್ಲ. ಕೆಲಸವಿರುವುದು ಅದಕ್ಕೆ ಮುಂಚಿನ ಎಡತಿರುವಿನಲ್ಲಿ. ಗೂಡಿಗೆ ಬೇಕಾದ ವೇಗ ಅಲ್ಲಿಂದಲೇ ತರಬೇಕು, ಹೊಳೆಗೂ ಬೀಳಬಾರದು. ಆರೋಗ್ಯಸ್ವಾಮಿಯ ಹಿಂದಿನ ರಾಡ್ ಅತಿ ದಪ್ಪವಾಗಿತ್ತು. ತಿರುವಿನಲ್ಲಿ ಅದು ಹಿಂದಿನ ಒಳಚಕ್ರವನ್ನು ನೆಲದಿಂದ ಎತ್ತಿಬಿಡುತ್ತಿತ್ತು, ಭಾರವೆಲ್ಲ ಹೊರಚಕ್ರದ ಮೇಲೆ ಬಿದ್ದು ಹಿಂಭಾಗ ಜಾರುತ್ತಿತ್ತು. ಅದನ್ನು ಬಿಚ್ಚಿ ತೆಳ್ಳಗಿನದೊಂದು ಹಾಕಿದೆ, ತುದಿಯಲ್ಲಿ ಮೂರು ತೂತು ಇರುವಂಥದ್ದು. ರಾಡನ್ನು ಚಕ್ರಕ್ಕೆ ಜೋಡಿಸುವ ಲಿಂಕನ್ನು ಯಾವ ತೂತಿಗೆ ಸಿಕ್ಕಿಸುತ್ತೇವೋ ಅದರ ಮೇಲೆ ಬಿಗಿ ಹೆಚ್ಚುಕಡಿಮೆಯಾಗುತ್ತದೆ. ಮುಂದಿನ ದಪ್ಪ ರಾಡನ್ನೂ ಬಿಚ್ಚಿದೆ. ಮುಂದೆ ಬಿಗಿ ಜಾಸ್ತಿಯಾದರೆ ಸ್ಟಿಯರಿಂಗ್ ಎಷ್ಟು ತಿರುಗಿಸಿದರೂ ಮೂತಿ ನೇರಕ್ಕೇ ಹೋಗುತ್ತದೆ. ಅಲ್ಲಿ ಮಧ್ಯಮದ್ದೊಂದು ಸಾಕಾಯಿತು. ಅದನ್ನು ಹಿಡಿದಿಡುವ ರಬ್ಬರ್ ಬುಷ್ ತೆಗೆದು ಗಟ್ಟಿ ಬುಷ್ ಕೂರಿಸಿದೆ. ಸ್ಪ್ರಿಂಗುಗಳನ್ನು ಒಂದು ಬೆರಳು ಗಿಡ್ಡದವಕ್ಕೆ ಬದಲಿಸಿ, ಹಳೆಯ ಶಾಕ್ ಅಬ್ಸಾರ್ಬರುಗಳನ್ನು ತೆಗೆದು ಬಿಗಿ ಹೊಂದಿಸಬಹುದಾದವನ್ನು ಹಾಕಿದೆ. ಜನ ಶಾಕ್ ಅಬ್ಸಾರ್ಬರನ್ನು ಕೇಳಿ ಕೇಳಿ ಗಟ್ಟಿ ಮಾಡಿಸಿಕೊಳ್ಳುತ್ತಾರೆ. ಅತಿ ಗಟ್ಟಿಯಾದರೆ ಚಕ್ರ ಹಳ್ಳದಿಂದ ಹಳ್ಳಕ್ಕೆ ಕುಪ್ಪಳಿಸುತ್ತದೆಯೇ ಹೊರತು ರಸ್ತೆ ಕಚ್ಚುವುದಿಲ್ಲ.

“ಎಲ್ಲದಕ್ಕೂ ದಪ್ಪದ್ದು ಇದ್ರೂ ಸಣ್ಣದು ಹಾಕ್ತಿದೀರಲ್ಲ ನೀಲಕ್ಕ?” ಎಂದು ಅವನು ಒಂದು ದಿನ ಕೇಳಿದ.

“ನೀನು ಮುದ್ದೆ ಜಾಸ್ತಿ ತಿಂದ್ರೆ ಜೋರಾಗಿ ಓಡ್ತೀಯಾ? ಸುಮ್ನೆ ಆ ಸ್ಪ್ಯಾನರ್ ಕೊಡು,” ಎಂದೆ.

ಬಲಗಡೆಯ ಪ್ಯಾಕಿಂಗುಗಳನ್ನು ಹೊರತೆಗೆದಾಗ ಮಾತ್ರ ಗಲಾಟೆಯಾಯಿತು. ಪ್ಯಾಕಿಂಗ್ ಇದ್ದರೆ ಕಾರು ಎಡಕ್ಕೆ ಒಂದು ಥರ, ಬಲಕ್ಕೆ ಒಂದು ಥರ ತಿರುಗುತ್ತದೆ. ಎರಡೂ ತಿರುವು ಬೆನ್ನಿಗೆ ಬೆನ್ನು ಇರುವ ರಸ್ತೆಯಲ್ಲಿ ಅದು ಪ್ರಾಣಕ್ಕೆ ಸಂಚಕಾರ. ಆದರೆ ನಮ್ಮೂರಲ್ಲಿ ಪ್ಯಾಕಿಂಗ್ ತೆಗೆಯುವುದೆಂದರೆ ಮನೆಯ ಹೊಸ್ತಿಲು ಕಿತ್ತ ಹಾಗೆ. ಆರೋಗ್ಯಸ್ವಾಮಿ ಗೇಟಿನವರೆಗೆ ಬಂದು, “ನೀಲಮ್ಮ, ನಿಮ್ಮಪ್ಪ ಇದ್ದಿದ್ರೆ ಇದಕ್ಕೆ ಒಪ್ತಿದ್ರಾ?” ಎಂದು ಕೇಳಿಹೋದ. ನಂಜುಂಡನ ತಾಯಿ ಚಿಕ್ಕತಾಯಮ್ಮ ಬಂದು ಜಗಲಿಯ ಮೇಲೆ ಕೂತು ಎಲೆಅಡಿಕೆ ಹಾಕಿಕೊಂಡಳು. ಹೊರಡುವಾಗ, “ಮಗ ಹೊಳೆಗೆ ಬಿದ್ರೂ ಕಳ್ಕೋತೀನಿ, ಸೊಸೆ ಬರದಿದ್ರೂ ಕಳ್ಕೋತೀನಿ. ನೀನು ಯಾವುದನ್ನ ತಡೀತೀಯೋ ತಡಿ ತಾಯಿ,” ಎಂದಳು.

ದಿನಾ ಬೆಳಿಗ್ಗೆ ಹೋಗಿ ನೋಡಿದೆವು. ಹಿಂದಿನ ರಾಡನ್ನು ಮೊದಲ ತೂತಿಗೆ ಹಾಕಿದಾಗ ಮೂತಿ ಹೊರಗೆ ಓಡಿತು, ಕೊನೆಯ ತೂತಿನಲ್ಲಿ ಹಿಂಭಾಗ ಮತ್ತೆ ಕುಣಿಯಿತು, ನಡುವಿನದರಲ್ಲಿ ಕಾರು ಹೇಳಿದ ಮಾತು ಕೇಳಿತು. ಶನಿವಾರ ಎಡತಿರುವನ್ನು ಅವನು ಎಷ್ಟು ಜೋರಾಗಿ ದಾಟಿದನೆಂದರೆ ನಾನು ಗೊತ್ತಿರುವ ದೇವರನ್ನೆಲ್ಲ ಕರೆದೆ. ಕಾರು ಮಾತ್ರ ಹಳಿಯ ಮೇಲೆ ಹೋದಂತೆ ಹೋಯಿತು. ನಿಂಬೆಹಣ್ಣು ಗೂಡಿನ ತಿರುವಿನುದ್ದಕ್ಕೂ ತಟ್ಟೆಯ ನಡುವೆ ಅಲುಗಾಡದೆ ಕೂತಿತ್ತು. ನಮ್ಮ ಪಾಡು ಮಾತ್ರ ಬದಲಾಗಿರಲಿಲ್ಲ, ಪೊದೆಗಳಿಗೂ ನಮ್ಮ ಪರಿಚಯವಾಗಿತ್ತು.

ಭಾನುವಾರ ಬೆಳಿಗ್ಗೆ ನಾನು ಗೂಡಿನ ಹತ್ತಿರ ರಸ್ತೆ ಬದಿಯಲ್ಲಿ ಕೆಂಪು ಟವೆಲ್ ಹಿಡಿದು ನಿಂತೆ. ಎದುರಿನಿಂದ ಗಾಡಿಗಳು ಬಂದರೆ ತಡೆಯಬೇಕಲ್ಲ. ಬೆಳಿಗ್ಗೆ ಹೊತ್ತು ಪಡುವಲಿಗೆ ಬರುವವರು ಹೊರಗಿನವರೇ, ಪದ್ಧತಿ ಗೊತ್ತಿಲ್ಲದವರು. ಸೌಭಾಗ್ಯಳ ತಂದೆ ಅವಳನ್ನು ಮೂಡಲ ಕಡೆಯ ಟೋಲಿನವರೆಗೆ ತಂದು ಬಿಟ್ಟಿದ್ದರು. ನಂಜುಂಡ ಅಲ್ಲಿಂದ ಅವಳನ್ನು ಕೂರಿಸಿಕೊಂಡು ಮೆಲ್ಲಗೆ ಗುಡ್ಡದ ರಸ್ತೆಯ ಊರ ಕಡೆಯ ತುದಿಗೆ ಬಂದು, ಕಾರು ತಿರುಗಿಸಿಕೊಂಡು ಮೂಡಲಿಗೆ ಹೊರಟ. ಎಂಜಿನ್ ಸದ್ದು ಎಡತಿರುವಿನ ಹಿಂದೆ ಏರಿತು. ಬದನೆಕಾಯಿ ಬಣ್ಣ ತಿರುವಿನಿಂದ ಹೊರಬಂತು, ಚಕ್ರಗಳು ಕಿರುಗುಟ್ಟಿದವು, ಹಿಂಭಾಗ ಜಾರಲಿಲ್ಲ. ಗೂಡಿನ ತಿರುವಿನಲ್ಲಿ ಕಾರು ನನ್ನ ಮುಂದೆಯೇ ಹಾದುಹೋಯಿತು. ಸೌಭಾಗ್ಯ ಸೀಟಿಗೆ ಒರಗದೆ ನೆಟ್ಟಗೆ ಕೂತಿದ್ದಳು. ಎರಡೂ ಕೈಗಳನ್ನು ಮಡಿಲಲ್ಲಿಟ್ಟುಕೊಂಡು, ಬಾಯಿ ತೆರೆದು ನಗುತ್ತಿದ್ದಳು.

ನಾನು ಟವೆಲನ್ನು ತಲೆಯ ಮೇಲೆ ಬೀಸಿದೆ. ಖುಷಿಯಾಯಿತು, ತುಂಬಾ ಖುಷಿಯಾಯಿತು. ಅವನು ಆಚೆ ತಿರುಗಿಸಿಕೊಂಡು ಹಿಂದಕ್ಕೆ ಹೋಗಿ ಎರಡನೆಯ ಸಲ ಬಂದ. ಆಗ ಅವಳು ಅವನ ತೋಳು ಹಿಡಿದು ಏನೋ ಹೇಳುವುದು ಕಂಡಿತು. ಕಾರು ನಿಧಾನವಾಯಿತು. ತಿರುವಿನ ನಟ್ಟನಡುವೆ, ನನ್ನಿಂದ ಸ್ವಲ್ಪ ದೂರದಲ್ಲಿ ನಿಂತಿತು.

“ಇಲ್ಲೇ ರೀ. ಇಲ್ಲೇ ನಿಲ್ಲಿಸಿ, ಇಲ್ಲೇ ಒಂದು ಗುಡಿಸಲು ಹಾಕ್ಕೊಂಡ್ರೂ ಸಾಕು,” ಎನ್ನುತ್ತಾ ಬಾಗಿಲು ತೆರೆದು ಇಳಿದಳು. ಇಳಿದವಳೇ ಬಾಗಿಲಿಗೆ ಜೋತುಬಿದ್ದಳು. ಹೊಳೆವಾಲು ಎಲ್ಲ ಕಡೆಯಂತೆ ಅಲ್ಲಿಯೂ ಇತ್ತು.

ನಾನಾಗಲಿ ನಂಜುಂಡನಾಗಲಿ ಇದನ್ನು ಯೋಚಿಸಿಯೇ ಇರಲಿಲ್ಲ. ಐದು ದಿನ ರಾಡು, ಬುಷ್ಷು, ತೂತು ಎಂದು ತಲೆ ಕೆಡಿಸಿಕೊಂಡೆವು. ಅವಳು ಕೇಳಿದ್ದು ಇರುವುದಕ್ಕೆ ಜಾಗ ಎನ್ನುವುದನ್ನು ಮರೆತಿದ್ದೆವು. ಅವಳು ರಸ್ತೆಯಂಚಿನಲ್ಲಿ ಕೂತು ಕಣ್ಣು ಮುಚ್ಚಿಕೊಂಡಳು. “ನಿಂತ್ರೆ ಇಲ್ಲ ಅಂತಾಯ್ತಲ್ಲ,” ಎಂದಳು.

ನಂಜುಂಡ ಎರಡು ಸಲ ಆ ಸಮವನ್ನು ದಾಟಿ ಬಂದಿದ್ದ. ಕಾರಿನ ಹಿಂದಿನ ಚಕ್ರದ ಪಕ್ಕ ಮೊಣಕಾಲೂರಿ ಕರುಳು ಬಾಯಿಗೆ ಬರುವಂತೆ ಕಾರಿಕೊಳ್ಳುತ್ತಿದ್ದ. ಅವಳು ಕಣ್ಣು ತೆರೆದು ನೋಡಿದಳು. ತೆವಳಿಕೊಂಡೇ ಅವನ ಹತ್ತಿರ ಹೋಗಿ ಬೆನ್ನು ನೀವಿದಳು.

“ನಿಮಗೂ ಹಿಂಗಾಗುತ್ತಾ?”

“ಮಟ್ಟ ಇದ್ದಲ್ಲೆಲ್ಲ ಆಗುತ್ತೆ.”

“ನಮ್ಮನೆಗೆ ಬಂದಾಗ?”

“ಅವಾಗಲೂ.”

“ಮತ್ತೆ ಯಾಕ್ರೀ ಒಂದು ದಿನಾನೂ ಹೇಳ್ಲಿಲ್ಲ?”

“ಹೇಳಿದ್ರೆ ನೀನು ಒಪ್ತಿದ್ಯಾ?” ಎಂದ ಅವನು, ಬಾಯಿ ಒರೆಸಿಕೊಂಡು. ಆಮೇಲೆ ಕಾರಿನ ಚಕ್ರ ಹಿಡಿದು ನೆಟ್ಟಗೆ ಕೂತು, “ಇಬ್ಬರಲ್ಲಿ ಒಬ್ಬರಿಗೆ ಆಗೋದೇ ಆದ್ರೆ ನನಗೇ ಆಗ್ಲಿ ಬಿಡು. ನೀನು ಸಾಕಷ್ಟು ಅನುಭವಿಸಿದೀಯ,” ಎಂದ. ಅವಳು ಬೇಡ ಎಂದಳು. ಅವನು ಆಗಲೇ ಎದ್ದು ಅವಳನ್ನು ಎಬ್ಬಿಸುತ್ತಿದ್ದ.

ಆ ವಾರವೇ ಅಂಗಡಿಯನ್ನು ತಾಯಿಗೂ ಕೆಲಸದವನಿಗೂ ಬಿಟ್ಟು ಅವಳೊಂದಿಗೆ ಮಟ್ಟನೆಲದ ಪಟ್ಟಣಕ್ಕೆ ಹೋದ. ಚಿಕ್ಕತಾಯಮ್ಮ ಬಾಯಿ ಬಡಿದುಕೊಳ್ಳಲಿಲ್ಲ, ಬುತ್ತಿ ಕಟ್ಟಿಕೊಟ್ಟಳು. ಊರವರು ಒಂದು ತಿಂಗಳೊಳಗೆ ವಾಪಸ್ ಬರುತ್ತಾನೆ ಎಂದರು. ಬರಲಿಲ್ಲ. ಗೂಡಿನ ತಿರುವಿನಲ್ಲಿ ದೆವ್ವವಿಲ್ಲ ಎಂದು ನಾನು ಹೇಳಿದ್ದಕ್ಕೆ ಯಾರೂ ಸೊಪ್ಪು ಹಾಕಲಿಲ್ಲ. ಈಗಲೂ ಹಾರನ್ ಒತ್ತಿ ಹಣೆ ಮುಟ್ಟಿಕೊಳ್ಳುತ್ತಾರೆ.

ಮಳೆಗಾಲ ಕಳೆದ ಮೇಲೆ ಒಂದು ಬೆಳಿಗ್ಗೆ ಆ ಕಾರು ನನ್ನ ಗೇಟಿನ ಮುಂದೆ ನಿಂತಿತು. ಓಡಿಸಿಕೊಂಡು ಬಂದದ್ದು ಸೌಭಾಗ್ಯ. ಓಡಿಸುವುದನ್ನು ಯಾವಾಗ ಕಲಿತಳೋ. ಇಳಿದವಳೇ ಗೇಟಿನ ಕಂಬ ಹಿಡಿದು ವಾಂತಿ ಮಾಡಿದಳು. ನಾನು ನೀರು ಕೊಟ್ಟೆ. ಮುಖ ತೊಳೆದುಕೊಂಡು, ವಾಲಿಗೆ ಬೆನ್ನು ಕೊಟ್ಟು ಗೋಡೆಗೆ ಒರಗಿ ಕೂತಳು. ಮೈಕೈ ತುಂಬಿಕೊಂಡಿದ್ದಳು, ಕಣ್ಣು ಮಾತ್ರ ಸೋತಿದ್ದವು.

“ಏನಮ್ಮ, ಒಬ್ಬಳೇ ಬಂದೆ? ಅವನೆಲ್ಲಿ?”

“ಮಲಗವ್ರೆ. ಗೊತ್ತಾದ್ರೆ ಬಿಡಲ್ಲ ಅಂತ ಹೇಳದೆ ಬಂದೆ. ಅಕ್ಕ, ನೀವು ಹಾಕಿರೋ ರಾಡ್‌ಗಳನ್ನೆಲ್ಲ ಬಿಚ್ಚಿಬಿಡಿ.”

ನಾನು ಕಾರನ್ನೂ ಅವಳನ್ನೂ ನೋಡಿದೆ. “ಯಾಕೆ, ಏನಾಯ್ತು? ಸರಿಯಾಗಿ ತಿರುಗ್ತಿಲ್ವಾ?”

“ತುಂಬಾ ಚೆನ್ನಾಗಿ ತಿರುಗುತ್ತೆ. ಒಂಚೂರೂ ಬಾಗಲ್ಲ. ಅದಕ್ಕೇ ಬಿಚ್ಚಿ ಅಂತಿರೋದು.” ಅವಳು ಸೆರಗಿನಿಂದ ಮುಖ ಒರೆಸಿಕೊಂಡಳು. “ಅವರು ಊಟ ಮಾಡ್ತಿಲ್ಲ ಅಕ್ಕ. ಎರಡು ತುತ್ತು ಬಾಯಿಗೆ ಹಾಕ್ಕೊಂಡು ಹಿತ್ತಲಿಗೆ ಹೋಗ್ತಾರೆ, ನಲ್ಲಿ ತಿರುಗಿಸ್ತಾರೆ, ನನಗೆ ಕೇಳಿಸಬಾರದು ಅಂತ. ಗೋಡೆ ಹಿಡ್ಕೊಂಡು ಓಡಾಡ್ತಾರೆ. ಕೇಳಿದ್ರೆ ಏನಿಲ್ಲ ಅಂತಾರೆ. ಮೊನ್ನೆ ಬಸ್ಸಲ್ಲಿ ಹೋಗ್ತಿದ್ವಿ, ಹಳೇ ಡಕೋಟ ಬಸ್ಸು. ಅದು ತಿರುವಲ್ಲಿ ಒಂದು ಕಡೆ ಪೂರ್ತಿ ಬಾಗ್ತು. ಇವರು ಕಣ್ಣು ಮುಚ್ಕೊಂಡು ನಕ್ಕರು ಅಕ್ಕ. ಅಲ್ಲಿಗೆ ಬಂದ ಮೇಲೆ ಅವರು ನಕ್ಕಿದ್ದು ಅವತ್ತೇ. ಬಸ್ಸು ಇಳಿದ ಮೇಲೆ ಇಡ್ಲಿ ಬೇಕು ಅಂತ ಕೇಳಿ ತಿಂದ್ರು.”

ಕಾರನ್ನು ಒಳಗೆ ತೆಗೆದುಕೊಂಡು ಜ್ಯಾಕ್ ಮೇಲೇರಿಸಿದೆ. ಮುಂದಿನ ರಾಡನ್ನು ಪೂರ್ತಿ ತೆಗೆದರೆ ಕಾರು ಕೈಗೆ ಸಿಗುವುದಿಲ್ಲ, ಆದ್ದರಿಂದ ಅಲ್ಲಿ ಇದ್ದದ್ದರಲ್ಲಿ ತೀರಾ ತೆಳ್ಳಗಿನದನ್ನು ಮೆದು ರಬ್ಬರಿನಲ್ಲಿ ಕೂರಿಸಿದೆ. ಹಿಂದಿನದನ್ನು ಬಿಚ್ಚಿ ಎತ್ತಿಟ್ಟೆ. ಗಿಡ್ಡ ಸ್ಪ್ರಿಂಗುಗಳ ಜಾಗಕ್ಕೆ ಹಳೆಯ ಉದ್ದದವನ್ನೇ ಮತ್ತೆ ಹಾಕಿದೆ, ಶಾಕ್ ಅಬ್ಸಾರ್ಬರುಗಳನ್ನು ಎಷ್ಟು ಮೆದುವಾಗುತ್ತವೋ ಅಷ್ಟು ಮೆದು ಮಾಡಿದೆ. ಬಾಡಿಯ ಮೇಲೆ ಅಂಗೈ ಒತ್ತಿದರೆ ದೋಣಿಯ ಹಾಗೆ ತೂಗುತ್ತಿತ್ತು. ಇಷ್ಟು ವರ್ಷದಲ್ಲಿ ಒಂದು ಗಾಡಿಯನ್ನು ಬೇಕೆಂದೇ ಕೆಡಿಸಿದ್ದು ಅದೊಂದನ್ನೇ, ಅಷ್ಟು ಜೋಪಾನವಾಗಿ ಬೇರೆ ಯಾವುದನ್ನೂ ಮಾಡಿಲ್ಲ.

“ಜೋರಾಗಿ ಓಡಿಸಬೇಡ ತಾಯಿ. ಇನ್ಮೇಲೆ ಇದು ಸ್ಪೋರ್ಟ್ಸ್ ಕಾರಲ್ಲ, ಬರೀ ತೊಟ್ಟಿಲು,” ಎಂದೆ.

“ನಮ್ಮನೆ ಹಿಂದೆ ದೊಡ್ಡ ಮೈದಾನ ಇದೆ. ಅವರನ್ನ ಪಕ್ಕದಲ್ಲಿ ಕೂರಿಸ್ಕೊಂಡು ನಿಧಾನಕ್ಕೆ ಸುತ್ತು ಹೊಡಿತೀನಿ, ದಿನಾ,” ಎಂದಳು. ಕೀ ಹಿಡಿದು ಕಾರಿನ ಬಾಗಿಲು ತೆರೆದವಳು ನನ್ನ ಕಡೆಗೆ ತಿರುಗಿದಳು. “ಅಕ್ಕ, ಯಾವ ಕಡೆಗೆ ಸುತ್ತಿದ್ರೆ ಅವರಿಗೆ ಇಲ್ಲಿಯ ಬೆಳಿಗ್ಗೆ ಹಂಗೆ ಅನ್ಸುತ್ತೆ?”

ಇಂಥ ಪ್ರಶ್ನೆಯನ್ನು ಯಾವ ಗಿರಾಕಿಯೂ ನನ್ನನ್ನು ಕೇಳಿರಲಿಲ್ಲ. ನಾನು ಕಣ್ಣು ಮುಚ್ಚಿ ಅವನ ಅಂಗಡಿಯನ್ನು ನೆನಪು ಮಾಡಿಕೊಂಡೆ. ಬೆಳಿಗ್ಗೆ ಅವನು ಮೂಡಲಿಗೆ ಮುಖ ಮಾಡಿ ಕೂರುತ್ತಿದ್ದ, ಹೊಳೆ ಬಲಗೈಗೆ.

“ಎಡಕ್ಕೆ ಸುತ್ತಮ್ಮ. ಎಡಕ್ಕೆ ಸುತ್ತಿದ್ರೆ ಬಲಕ್ಕೆ ವಾಲುತ್ತೆ, ಅದು ಬೆಳಿಗ್ಗೆ. ಬಲಕ್ಕೆ ಸುತ್ತಿದ್ರೆ ಮಧ್ಯಾಹ್ನದ ಮೇಲಿನದು.”

“ಎಡಕ್ಕೆ ಬೆಳಿಗ್ಗೆ, ಬಲಕ್ಕೆ ಮಧ್ಯಾಹ್ನ,” ಎಂದು ಅವಳು ಬಾಯಿಪಾಠ ಮಾಡಿಕೊಂಡಳು. “ಹಂಗಾದ್ರೆ ಎಡಕ್ಕೆ ಸುತ್ತುವಾಗ ತಿಂಡಿ ಕೊಡ್ತೀನಿ. ಬಲಕ್ಕೆ ಸುತ್ತುವಾಗ ಊಟ.”